ಅಪ್ಪ ಕೊಟ್ಟ ಇಂಗ್ಲಿಷ್ ಪದ

ಜನವರಿ 9

ಅಪ್ಪಾ,

ಫೋನಿನಲ್ಲಿ ಎಷ್ಟು ಕಿರುಚಿದರೂ ನಿಮ್ಮ ಕಿವಿಗೆ ಬೀಳುವುದಿಲ್ಲ. ಅಕ್ಕನಿಗೆ ಹೇಳಿದರೆ ಅರ್ಧ ನುಂಗಿ ಅರ್ಧ ನಿಮಗೆ ದಾಟಿಸುತ್ತಾಳೆ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ರೂಮು ಸಿಕ್ಕಿತು. ಆಸ್ಪತ್ರೆಯ ಕೆಲಸ ಹೋಯಿತೆಂದು ನಾನು ಮೂಗು ಒರೆಸಿಕೊಳ್ಳುತ್ತಿದ್ದಾಗ ನೀವು, "ಕೆಲಸ ತಾನೇ ಹೋಗಿದ್ದು, ಕೈ ಹೋಗಿಲ್ಲವಲ್ಲ" ಎಂದಿರಿ. ಆ ಮಾತು ಹಿಡಿದುಕೊಂಡೇ ಊರೆಲ್ಲ ಅಲೆದೆ. ಗಡಿಯಾರದ ಕಂಬದ ಹತ್ತಿರ ಒಂದು ದರ್ಜಿ ಅಂಗಡಿ ಇದೆ. ಅದರ ಮೇಲಿನ ರೂಮು. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ, ಬಡಗಿ ಮಾಡಿಕೊಟ್ಟ ಎತ್ತರದ ಮಂಚವನ್ನು ಕಾಲು ಬಿಚ್ಚಿ ಮೇಲೆ ತಂದು ಮತ್ತೆ ಜೋಡಿಸಬೇಕಾಯಿತು. ನೀವು ಹೇಳಿದ ಹಾಗೇ ಮಾಡಿಸಿದ್ದೇನೆ, ನನ್ನ ಸೊಂಟದ ಎತ್ತರಕ್ಕೆ. ಬೀದಿಯ ಕಡೆಗೆ ಒಂದೇ ಕಿಟಕಿ. ಮೂಲೆಯಲ್ಲಿ ಎಣ್ಣೆ ಬಿಸಿಮಾಡಲು ಸ್ಟವ್. ಮಧ್ಯೆ ಒಂದು ಪರದೆ ಕಟ್ಟಿದ್ದೇನೆ. ಅದರ ಆಚೆ ನನ್ನ ಹಾಸಿಗೆ, ಈಚೆ ನನ್ನ ಕೆಲಸ.

ನೀವು ಬರೆದುಕೊಟ್ಟ ಬೋರ್ಡನ್ನು ಮೆಟ್ಟಿಲ ಬಾಯಿಗೇ ತೂಗುಹಾಕಿದ್ದೇನೆ. 'ಮಸಾಜರ್' ಎನ್ನುವ ಕೆಂಪಕ್ಷರ ಬೀದಿಯ ಆ ತುದಿಗೂ ಕಾಣುತ್ತದೆ. ಕೆಳಗೆ ನೀವು ಸಣ್ಣದಾಗಿ ಬರೆದ 'ಮೈಕೈ ನೋವಿಗೆ' ಮಾತ್ರ ಹತ್ತಿರ ಬಂದವರಿಗೇ ಕಾಣುವುದು. ದರ್ಜಿ ಹೊರಗೆ ಬಂದು ಓದಿ, "ಈ ಬೀದಿಗೂ ಬಂತಾ?" ಎಂದು ನಕ್ಕ. "ಏನು ಬಂತು?" ಎಂದು ಕೇಳಿದೆ. ಬಾಯಿಗೆ ಗುಂಡುಸೂಜಿ ಕಚ್ಚಿಕೊಂಡು ಒಳಗೆ ಹೋದ.

ಮನೆಯೊಡತಿ ಹಿಂದಿನ ಭಾಗದಲ್ಲಿ ಇರುತ್ತಾರೆ. ಮೊದಲ ದಿನವೇ ಬಂದು ಮಂಡಿ ತೋರಿಸಿದರು. ಶುಭಾರಂಭ ಆಯಿತೆಂದೇ ಇಟ್ಟುಕೊಳ್ಳಿ.

ನಿಮ್ಮ ಮೊಂಡಿ

*

ಜನವರಿ 20

ಮೊಂಡೀ,

ಕಾಗದವನ್ನು ಅಕ್ಕನ ಕೈಗೆ ಕೊಡದೆ ನಾನೇ ಓದಿದೆ. ನಿನ್ನ ಅಕ್ಷರ ಚೆನ್ನಾಗಿ ಸಡಿಲವಾಗಿದೆ. ಮನಸ್ಸು ನಿರಾಳವಾಗಿದ್ದರೆ ಮಾತ್ರ ಬೆರಳು ಹಾಗೆ ಓಡುವುದು.

ಬೋರ್ಡಿಗೆ ಆ ಪದವೇ ಇರಲಿ ಎಂದು ನಾನು ಯಾಕೆ ಹಟ ಮಾಡಿದೆ ಎಂದು ನಿನಗೆ ಯಾವತ್ತೂ ಹೇಳಿಲ್ಲ. ನಾನು ಫುಟ್‌ಬಾಲ್ ಕ್ಲಬ್ಬಿಗೆ ಮೈಕೈ ತಿಕ್ಕಲು ಸೇರಿದಾಗ ಆಟಗಾರರೆಲ್ಲ ನನ್ನನ್ನು ಕರೆಯುತ್ತಿದ್ದದ್ದು 'ತಿಕ್ಕೋನು' ಎಂದು. "ತಿಕ್ಕೋನ್ನ ಕರೀರೋ, ಕಾಲು ಹಿಡ್ಕೊಂಡಿದೆ." ತಮಾಷೆ ಹೆಚ್ಚಾದರೆ 'ತಿಕ್ಕಲ'. ಅವರ ತೊಡೆ, ಮೀನಖಂಡ ಎಲ್ಲ ನನ್ನ ಕೈಯಲ್ಲಿ, ನಾನು ಮಾತ್ರ ಬಾಗಿಲಾಚೆ ನೆಲದ ಮೇಲೆ. ಒಂದು ವರ್ಷ ಹೊಸ ಕೋಚ್ ಬಂದ. ಬೂಟು, ಚೆಂಡುಗಳ ಜೊತೆ ನನ್ನನ್ನೂ ಎಣಿಸುತ್ತಾ ಬಂದವನು, "ಇವರು ನಮ್ಮ ಮಸಾಜರ್" ಎಂದ. ಅಷ್ಟೇ. ಇಂಗ್ಲಿಷಿನ ಒಂದು ಪದ. ಮಾರನೆಯ ದಿನ ಕೋಣೆಯಲ್ಲಿ ನನಗೊಂದು ಕುರ್ಚಿ ಬಂತು. ಆಟಗಾರರ ಥರವೇ ನನಗೂ ಒಂದು ಕೋಟು ಹೊಲಿಸಿದರು, ಬೆನ್ನ ಮೇಲೆ ಆ ಪದ. 'ನೀನು' ಎನ್ನುತ್ತಿದ್ದವರು 'ನೀವು' ಎಂದರು. ಅದೇ ಕೈ, ಅದೇ ಎಣ್ಣೆ. ಹೆಸರು ಬದಲಾಯಿತು, ನಾನು ಮನುಷ್ಯನಾದೆ. ನಿಮ್ಮಮ್ಮ ಇದ್ದಿದ್ದರೆ ಹೇಳುತ್ತಿದ್ದಳು, ಆ ಕೋಟು ಹಾಕಿಕೊಂಡು ಮಲಗುತ್ತಿದ್ದೆ ಎಂದು.

ನಿನ್ನೆ ಕ್ಷೌರದಂಗಡಿಯಲ್ಲಿ ಎಲ್ಲರಿಗೂ ಹೇಳಿದೆ, "ನನ್ನ ಚಿಕ್ಕಮಗಳು ದೊಡ್ಡ ಊರಿನಲ್ಲಿ ಮಸಾಜರ್, ಸ್ವಂತ ರೂಮು ಮಾಡಿದಾಳೆ" ಎಂದು. ಬೆಂಚಿನ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಷ್ಟು ಸಂತೋಷಪಟ್ಟರು ಎನ್ನುತ್ತೀ. ನಾನೂ ನಕ್ಕೆ. ನನ್ನ ಗೆಳೆಯ, ಕ್ಷೌರದವನು, ಅವನೊಬ್ಬ ಮಾತ್ರ ಕತ್ತಿ ಮಸೆಯುತ್ತಾ ತಲೆ ಎತ್ತಲಿಲ್ಲ. ವಯಸ್ಸಾಯಿತು ಅವನಿಗೆ.

ಕೈ ಜೋಪಾನ.

ಅಪ್ಪ

*

ಫೆಬ್ರವರಿ 26

ಅಪ್ಪಾ,

ಬರೆಯುವುದು ತಡವಾಯಿತು. ಕೆಲಸ ಇದೆ. ಮನೆಯೊಡತಿಯ ಮಂಡಿ ಪರವಾಗಿಲ್ಲ. ಒಬ್ಬ ತಾಯಿ ಕಾಲು ಸೋತ ಮಗುವನ್ನು ಎತ್ತಿಕೊಂಡು ಬರುತ್ತಾಳೆ. ಮಗುವಿನ ಹೆಬ್ಬೆರಳು ಮೊನ್ನೆ ಅಲ್ಲಾಡಿತು. ಭುಜ ಕಲ್ಲಾಗಿದ್ದ ಒಬ್ಬರು ಶಾಲೆಯ ಟೀಚರ್ ಬರುತ್ತಿದ್ದರು. ಕೈ ತಲೆಯವರೆಗೆ ಏಳುವಷ್ಟರಲ್ಲಿ ನಿಲ್ಲಿಸಿಬಿಟ್ಟರು. ಮಾರುಕಟ್ಟೆಯಲ್ಲಿ ಸಿಕ್ಕಾಗ, "ಮನೆಯವರು ಬೇಡ ಅಂದ್ರು ಕಣಮ್ಮಾ. ನಿಮ್ಮ ಬಗ್ಗೆ ನಂಗೇನೂ ಇಲ್ಲ. ಆ ಮೆಟ್ಟಿಲು ಹತ್ತೋದು ಯಾರಾದ್ರೂ ನೋಡಿದ್ರೆ ಅಂತ…" ಎಂದು ಅತ್ತಿತ್ತ ನೋಡಿ ಹೋದರು.

ನಿಮ್ಮನ್ನು ಒಂದು ಮಾತು ಕೇಳಬೇಕಿತ್ತು. ಬೋರ್ಡಿನ ಬಣ್ಣ ಬಿಸಿಲಿಗೆ ಮಾಸುತ್ತಿದೆ. ಹೊಸದಾಗಿ ಬರೆಸುವಾಗ 'ಮೈಕೈ ನೋವಿಗೆ' ಎಂದಷ್ಟೇ ದೊಡ್ಡದಾಗಿ ಬರೆಸಿದರೆ ಆಗದೇ? ಮೇಲಿನ ಪದ ಇಲ್ಲಿಯ ಜನಕ್ಕೆ ಅಷ್ಟಾಗಿ ಅರ್ಥವಾಗುವುದಿಲ್ಲ.

ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದೆ. ಗಾಳಿಗೆ ಬಡಿದುಕೊಳ್ಳುತ್ತದೆ, ಅದಕ್ಕೆ.

ಕಿಟಕಿಯ ಕೆಳಗೆ ಮಕ್ಕಳು ಆಡುತ್ತವೆ. ಆಟದಲ್ಲಿ ಸೋತವರನ್ನು ಕರೆಯಲು ಹೊಸದೊಂದು ಬೈಗುಳ ಕಲಿತಿವೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಕೂಗುವಾಗ ಮೇಲೆ ನನ್ನ ಕಿಟಕಿಯ ಕಡೆ ನೋಡಿ ಕೂಗುತ್ತವೆ. ಮಕ್ಕಳು ತಾನೇ.

ಅಕ್ಕನಿಗೆ ಹೇಳಿ, ಕೆಳಗಿನ ದರ್ಜಿ ಅಂಗಡಿಗೆ ಫೋನ್ ಮಾಡುವುದು ಬೇಡ. ನಾನು ಇಳಿದು ಬರುವಷ್ಟರಲ್ಲಿ ಅಲ್ಲಿ ಕೂತವರೆಲ್ಲ ಮಾತು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಾರೆ.

ಮೊಂಡಿ

*

ಮಾರ್ಚ್ 7

ಮೊಂಡೀ,

ಎರಡೇ ತಿಂಗಳಿಗೆ ಬಣ್ಣ ಮಾಸಲು ನಾನೇನು ಸುಣ್ಣ ಬಳಿದು ಕಳಿಸಿದ್ದೇನೆಯೇ? ಎರಡು ಕೈ ಎಣ್ಣೆ ಬಣ್ಣ ಹೊಡೆದಿದ್ದೇನೆ. ನಾನು ಕಣ್ಣುಮುಚ್ಚುವವರೆಗೂ ಅದು ಮಾಸುವುದಿಲ್ಲ.

ಅರ್ಥವಾಗುವುದಿಲ್ಲ ಎನ್ನುತ್ತೀ. ಕೇಳಿದವರಿಗೆ ಹೇಳು. ನಾಲ್ಕು ಜನರಿಗೆ ಹೇಳಿದರೆ ಐದನೆಯವನಿಗೆ ಅವರೇ ಹೇಳುತ್ತಾರೆ. ನಮ್ಮೂರಿನಲ್ಲಿ ಅದು ಹಾಗೇ ಹಬ್ಬಿದ್ದು.

ಒಂದು ಮಾತು ಮಾತ್ರ ನನಗೆ ಅರಗಲಿಲ್ಲ. ಗಾಳಿಗೆ ಒಂದು ಚಿಲಕ ಸಾಕು. ಎರಡನೆಯದು ಯಾತಕ್ಕೆ?

ನಿನ್ನ ಅಕ್ಷರ ಈ ಸಲ ಕಾಗದದ ಹಿಂಬದಿಗೂ ಒತ್ತಿದೆ. ಪೆನ್ನನ್ನು ಚಾಕುವಿನ ಹಾಗೆ ಹಿಡಿದು ಬರೆದಿದ್ದೀ. ಏನಾದರೂ ಇದ್ದರೆ ಬಿಚ್ಚಿ ಹೇಳು. ನನಗೆ ಕಿವಿ ಇಲ್ಲ ನಿಜ, ಉಳಿದದ್ದೆಲ್ಲ ನೆಟ್ಟಗಿದೆ.

ಅಪ್ಪ

*

ಏಪ್ರಿಲ್ 2

ಅಕ್ಕಾ,

ಇದು ನಿನಗೆ ಮಾತ್ರ. ಓದಿ ಒಲೆಗೆ ಹಾಕು. ಅಪ್ಪನ ಕಣ್ಣಿಗೆ ಬೀಳಬಾರದು.

ಎರಡು ತಿಂಗಳಿಂದ ಗಂಡಸರು ಬರುತ್ತಿದ್ದಾರೆ. ನೋವು ಇರುವವರಲ್ಲ. ಬಾಗಿಲು ತಟ್ಟುವ ರೀತಿಯಲ್ಲೇ ಗೊತ್ತಾಗುತ್ತದೆ. ನೋವಿನವರು ತಟ್ಟಿ ಸುಮ್ಮನಿರುತ್ತಾರೆ, ಇವರು ತಟ್ಟಿ ನಗುತ್ತಾರೆ. "ಹೆಂಗಸರು, ಮಕ್ಕಳು, ವಯಸ್ಸಾದವರಿಗೆ ಮಾತ್ರ" ಎಂದರೆ, "ಮಸಾಜ್ ಅಂತ ಬರ್ದಿದೀಯಲ್ಲ ಮತ್ತೆ" ಎಂದು ಬೋರ್ಡು ತೋರಿಸುತ್ತಾರೆ. ಈ ಊರಿನಲ್ಲಿ ರೈಲ್ವೆ ಸ್ಟೇಷನ್ನಿನ ಹಿಂದೆ ಅದೇ ಪದ ಬರೆದುಕೊಂಡ ಮನೆಗಳಿವೆಯಂತೆ, ಒಳಗೆ ಬೇರೆಯೇ ವ್ಯಾಪಾರವಂತೆ. ಅಪ್ಪನ ಬೆನ್ನ ಮೇಲಿದ್ದ ಪದ ಅಕ್ಕಾ ಅದು. ಈಗ ಇಲ್ಲಿ ಅದನ್ನು ಹೆಂಗಸಿಗೆ ಅಂದರೆ ಕೆನ್ನೆಗೆ ಹೊಡೆದ ಹಾಗೆ.

ಕಳೆದ ಗುರುವಾರ ಮಧ್ಯಾಹ್ನ ಒಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕೊಡೆ. ಅವನನ್ನು ನಾನು ಮೊದಲೂ ನೋಡಿದ್ದೆ. ವಾರದಿಂದ ಎದುರಿನ ಟೀ ಅಂಗಡಿಯಲ್ಲಿ ನಿಂತು ಕಿಟಕಿ ನೋಡುತ್ತಿದ್ದವನು. ಮಗುವಿನ ತಾಯಿ ಆಗಷ್ಟೇ ಇಳಿದು ಹೋಗಿದ್ದರಿಂದ ಚಿಲಕ ಹಾಕಿರಲಿಲ್ಲ. ಒಳಗೆ ಬಂದವನು ತಿರುಗಿ ಎರಡೂ ಚಿಲಕ ಹಾಕಿದ. ನಾನು ಹಾಕಿಸಿದ ಚಿಲಕ.

"ಏನು ಬೇಕು?" ಎಂದೆ.

"ಬಂದೋರ್ನ ಹೀಗಾ ಕೇಳೋದು? ನಿಂಗೊತ್ತಿಲ್ವಾ ಏನು ಬೇಕು ಅಂತ?" ಎಂದು ಮಂಚದ ಮೇಲೆ ಕೂತು ಬೂಟು ಬಿಚ್ಚತೊಡಗಿದ. ಒಂದಿಷ್ಟೂ ಅವಸರವಿಲ್ಲ. ತನ್ನ ಮನೆಗೆ ಬಂದವನ ಹಾಗೆ.

ಸ್ಟೂಲು ಎತ್ತಿ ನೆಲಕ್ಕೆ ಕುಟ್ಟಿದೆ. ಮತ್ತೆ ಮತ್ತೆ ಕುಟ್ಟಿದೆ. ಕೆಳಗೆ ದರ್ಜಿಯ ಮಿಷನ್ನು ಓಡುತ್ತಿತ್ತು. ನಿಂತಿತು. ಬರುತ್ತಾನೆ ಅಂದುಕೊಂಡೆ. ಕಾದೆ. ಮಂಚದ ಮೇಲಿದ್ದವನೂ ಕಿವಿಗೊಟ್ಟು ಕಾದ. ಆಮೇಲೆ ಮಿಷನ್ನು ಮತ್ತೆ ಓಡಲು ಶುರುವಾಯಿತು.

ಅದನ್ನು ಕೇಳಿ ಅವನು ನಕ್ಕ ನೋಡು ಅಕ್ಕಾ, ಆ ನಗು ಇನ್ನೂ ನನ್ನ ಕಿವಿಯಲ್ಲಿದೆ.

ಸ್ಟವ್ ಮೇಲೆ ನೀರು ಕುದಿಯುತ್ತಿತ್ತು. ಬಟ್ಟೆಯನ್ನೂ ಹುಡುಕದೆ ಬರಿಗೈಯಲ್ಲಿ ಪಾತ್ರೆ ಎತ್ತಿಕೊಂಡು ನಿಂತೆ. ಅವನು ಎದ್ದು ನೋಡಿದ, ಪಾತ್ರೆಯನ್ನು, ನನ್ನನ್ನು. "ಅಬ್ಬ, ದೊಡ್ಡ ಗರತಿ" ಎಂದು ಬೂಟು ಕಟ್ಟಿಕೊಂಡ. ಹೋಗುವಾಗ, "ಮುಂದಿನ ಸಲ ಒಬ್ನೇ ಬರಲ್ಲ" ಎಂದ. ಅವನ ಹೆಜ್ಜೆ ಇಳಿದು ಹೋದ ಮೇಲೂ ಪಾತ್ರೆ ಕೆಳಗಿಡಲಾಗಲಿಲ್ಲ. ಅಂಗೈ ಅದಕ್ಕೆ ಅಂಟಿಕೊಂಡಿತ್ತು.

ದರ್ಜಿಯನ್ನು ಕೇಳಿದೆ, "ಸದ್ದು ಕೇಳಿಸ್ಲಿಲ್ವಾ?" ಎಂದು. ಬಟ್ಟೆಯಿಂದ ಕಣ್ಣೆತ್ತದೆ, "ಕೇಳಿಸ್ತು. ಅದು ನಿಮ್ಮ ಕೆಲಸದ ಸದ್ದು ಅಂದ್ಕೊಂಡೆ" ಎಂದ.

ಠಾಣೆಗೂ ಹೋಗಿದ್ದೆ. ದೂರು ಬರೆದುಕೊಳ್ಳುವವನು ಹೆಸರು ಬರೆದ, ವಿಳಾಸ ಬರೆದ. ಕಸುಬು ಏನೆಂದು ಕೇಳಿದ. ಹೇಳಿದೆ. ಪೆನ್ನು ಮುಚ್ಚಿ ಪಕ್ಕದವನಿಗೆ ಕಣ್ಣು ಹೊಡೆದು, "ಗಿರಾಕಿ ಜೊತೆ ಜಗಳ ಆದ್ರೆ ನೀವ್ ನೀವೇ ಮಾತಾಡ್ಕೊಬೇಕಮ್ಮಾ" ಎಂದ.

ಬೋರ್ಡು ಇಳಿಸಿ ಮಂಚದ ಕೆಳಗೆ ಹಾಕಿದ್ದೇನೆ. ಬೋರ್ಡು ಇಳಿದರೂ ಪದ ಇಳಿದಿಲ್ಲ. ಮನೆಯೊಡತಿ ಮೊನ್ನೆ ಬಂದು, "ಇನ್ನೊಂದು ಸಲ ಬೀದಿಯೋರು ನನ್ನ ಮನೆ ಬಗ್ಗೆ ಮಾತಾಡಿದ್ರೆ ನೀನು ಹೊರಡ್ಬೇಕಾಗುತ್ತೆ" ಎಂದರು. ಮಂಡಿ ತೋರಿಸಲಿಲ್ಲ.

ನಾನು ಹಗಲೂ ದೀಪ ಹಾಕಿಕೊಂಡು ಕೂತಿರುತ್ತೇನೆ. ಮೆಟ್ಟಿಲ ಮೇಲೆ ಬೆಕ್ಕು ನಡೆದರೂ ಪಾತ್ರೆಯ ಕಡೆ ಕೈ ಹೋಗುತ್ತದೆ. ಊರಿಗೆ ಬಾ ಎನ್ನಬೇಡ. ಬಂದರೆ ಯಾಕೆ ಬಂದೆ ಎಂದು ಅಪ್ಪ ಕೇಳುತ್ತಾರೆ. ಅವರಿಗೆ ಏನೆಂದು ಹೇಳಲಿ?

ನಿನ್ನ ತಂಗಿ

*

ಏಪ್ರಿಲ್ 19

ಮಗಳೇ,

ನಾನು ಬರೆದ ಎರಡು ಕಾಗದಕ್ಕೂ ನಿನ್ನ ಉತ್ತರವಿಲ್ಲ. ಅಕ್ಕನನ್ನು ಕೇಳಿದರೆ ಹೆಬ್ಬೆರಳೆತ್ತಿ 'ಎಲ್ಲ ಸರಿ' ಎಂದು ತೋರಿಸಿ ಅಡುಗೆಮನೆಗೆ ಹೋಗುತ್ತಾಳೆ. ಅಲ್ಲಿ ಹೋಗಿ ಅಳುತ್ತಾಳೆ. ಕಿವುಡನಿಗೆ ಬೆನ್ನು ಕಾಣುವುದಿಲ್ಲವೇ?

ನಿನ್ನೆ ಕ್ಷೌರದಂಗಡಿಯಲ್ಲಿ ಮತ್ತೆ ನಿನ್ನ ಮಾತು ತೆಗೆದೆ. ಎಂದಿನಂತೆ ನಗು. ಒಬ್ಬ ಏನೋ ಕೇಳಿದ. ಎಲ್ಲರೂ ನನ್ನ ಉತ್ತರಕ್ಕೆ ಕಾದರು. ತುಟಿ ಓದಲು ನೋಡಿದೆ, ಆಗಲಿಲ್ಲ. "ಹೌದು, ಹೌದು" ಎಂದು ತಲೆ ಆಡಿಸಿದೆ. ಆಗ ಒಬ್ಬ ಬೆಂಚಿನಿಂದ ಜಾರಿ ಬಿದ್ದು ನಕ್ಕ. ನನ್ನ ಗೆಳೆಯ ಕತ್ತಿ ಮಡಚಿದ. ಎಲ್ಲರನ್ನೂ ಹೊರಗೆ ದಬ್ಬಿ ಬಾಗಿಲು ಎಳೆದ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನ ಮೇಲೆ ಆ ಪದಕ್ಕೆ ಈಗ ಏನರ್ಥ ಎಂದು ಬರೆದು ನನ್ನ ತೊಡೆಯ ಮೇಲಿಟ್ಟ. ಆ ಮನುಷ್ಯ ಏನೇನು ಕೇಳುತ್ತಿದ್ದ, ನಾನು ಯಾವುದಕ್ಕೆಲ್ಲ 'ಹೌದು' ಎಂದೆ, ಅದನ್ನೂ ಬರೆದ.

ಮೂರು ತಿಂಗಳು ಮೊಂಡೀ. ಮೂರು ತಿಂಗಳು ನಾನೂ ಅವರ ಜೊತೆ ಕೂತು ನಕ್ಕಿದ್ದೇನೆ.

ನಿನಗೆ ಏನಾಯಿತು? ಏನಾದರೂ ಆಯಿತೇ? 'ಇಲ್ಲ' ಎಂದು ಒಂದೇ ಪದ ಬರೆದು ಹಾಕು, ಸಾಕು.

ಅಪ್ಪ

*

ಏಪ್ರಿಲ್ 29

ತಂಗೀ,

ಅಪ್ಪ ಮನೆಯಲ್ಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಹಾಸಿಗೆ ಮಡಚಿಟ್ಟಿದೆ, ಅವರ ಚೀಲ ಇಲ್ಲ. ನಿನ್ನಿಂದ 'ಇಲ್ಲ' ಬರಲಿಲ್ಲವೆಂದು ಹೊರಟಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿದರೆ ನಿಮ್ಮ ಊರಿನ ಬಸ್ಸೇ ಹತ್ತಿದರಂತೆ. ಹಾರ್ನ್ ಹೊಡೆದರೂ ಕೇಳಿಸದ ಮನುಷ್ಯ, ಆ ಊರಿನ ರಸ್ತೆ ಹೇಗೆ ದಾಟುತ್ತಾರೆ?

ನೀನು ಬೇಡ ಅಂದಿದ್ದರೂ ದರ್ಜಿ ಅಂಗಡಿಗೆ ಫೋನ್ ಮಾಡಿದೆ. "ಅಂಥೋರು ಇಲ್ಲಿ ಯಾರೂ ಇಲ್ಲ" ಎಂದು ಇಟ್ಟುಬಿಟ್ಟ. ಎರಡನೇ ಸಲ ಎತ್ತಲೇ ಇಲ್ಲ. ಸಂಜೆಯ ಬಸ್ಸಿನ ಡ್ರೈವರಿನ ಕೈಗೆ ಈ ಕಾಗದ ಕೊಡುತ್ತಿದ್ದೇನೆ. ಸಿಕ್ಕ ಕೂಡಲೇ ಹುಡುಕು.

ಇನ್ನೊಂದು ಮಾತು ಹೇಳಿದರೆ ನಿನಗೆ ಹೆದರಿಕೆಯಾಗುತ್ತದೆ, ಹೇಳದಿದ್ದರೆ ನನಗೆ. ಅವರ ಚೀಲ ಬಸ್ಸಿನಲ್ಲೇ ಉಳಿದು ವಾಪಸು ಬಂದಿದೆ. ನಿನ್ನ ಕಾಗದಗಳೆಲ್ಲ ಅದರಲ್ಲಿವೆ, ವಿಳಾಸವೂ. ಅವರು ಅಲ್ಲಿ ಏನೆಂದು ಕೇಳಿಕೊಂಡು ಬರುತ್ತಾರೆ, ಯೋಚಿಸು.

ಅಕ್ಕ

*

ಮೇ 2

ಅಕ್ಕಾ,

ಅಪ್ಪ ಇಲ್ಲಿದ್ದಾರೆ. ನನ್ನ ಹಾಸಿಗೆಯ ಮೇಲೆ ಗೊರಕೆ ಹೊಡೆಯುತ್ತಿದ್ದಾರೆ. ನಿನ್ನ ಕಾಗದಕ್ಕಿಂತ ಮೊದಲೇ ಬಂದರು. ಈಗ ಉಸಿರು ಬಿಡು.

ನೀನು ಹೆದರಿದ್ದು ಸರಿಯಾಗಿತ್ತು. ಬಸ್ ಇಳಿದವರು ಬೀದಿ ಬೀದಿಯಲ್ಲಿ ನಿಂತು, ಕಿವುಡರು ಕೂಗುವ ಹಾಗೆ ಕೂಗಿ, "ಮಸಾಜ್ ಮಾಡೋ ಹುಡುಗಿ ರೂಮು ಎಲ್ಲಿದೆ?" ಎಂದು ಕೇಳಿದ್ದಾರೆ. ಅಪ್ಪನಿಗೆ ಆ ಪದದ ಹೊಸ ಅರ್ಥ ಗೊತ್ತಿತ್ತು. ಆದರೆ ನನ್ನ ಕಸುಬಿಗೆ ಬೇರೆ ಹೆಸರು ಅವರಿಗೆ ಗೊತ್ತಿರಲಿಲ್ಲ. ಒಬ್ಬ ಹೆಂಗಸು ಚಪ್ಪಲಿ ತೋರಿಸಿದಳಂತೆ. ಯಾರೋ ಇಬ್ಬರು ತಳ್ಳಿದ್ದಾರೆ, ಮೊಣಕೈ ತರಚಿದೆ. ಒಬ್ಬ ಮಾತ್ರ ಬಹಳ ಮರ್ಯಾದೆಯಿಂದ ಕೈಹಿಡಿದು ರಸ್ತೆ ದಾಟಿಸಿ, ಸ್ಟೇಷನ್ನಿನ ಹಿಂದಿನ ಮನೆಯ ಮುಂದೆ ಬಿಟ್ಟು ಹೋಗಿದ್ದಾನೆ. ಅಪ್ಪ ಬೋರ್ಡು ಓದಿ ಒಳಗೆ ಹೋಗಿ ನನ್ನ ಹೆಸರು ಹಿಡಿದು ಕೂಗಿದ್ದಾರೆ. ನಾನು ಅಲ್ಲಿದ್ದೇನೆ ಎಂದೇ ನಂಬಿದ್ದರಂತೆ. ಹಾಗೆ ನಂಬಿ ಆ ಬಾಗಿಲು ದಾಟುವಾಗ ಅವರಿಗೆ ಹೇಗಾಗಿರಬೇಕು ಎಂದು ನಾನು ಕೇಳಿಲ್ಲ.

ಅಲ್ಲಿಯ ಹೆಂಗಸರು ಮೊದಲು ನಕ್ಕರಂತೆ. ಆಮೇಲೆ ಒಬ್ಬಾಕೆ ಅಪ್ಪನ ಕಿವಿಯ ಸಂಗತಿ ಅರ್ಥಮಾಡಿಕೊಂಡು, ಕುರ್ಚಿ ಕೊಟ್ಟು, ನೀರು ಕೊಟ್ಟು, ಮೊಣಕೈ ತೊಳೆದು, ಕಾಗದದ ಮೇಲೆ ಬರೆದು ಬರೆದು ವಿಚಾರಿಸಿದ್ದಾಳೆ. ಗಾಬರಿಯಲ್ಲಿ ಮರೆತಿದ್ದದ್ದೆಲ್ಲ ಅಪ್ಪನಿಗೆ ಒಂದೊಂದಾಗಿ ನೆನಪಾಯಿತಂತೆ: ಗಡಿಯಾರದ ಕಂಬ, ದರ್ಜಿ ಅಂಗಡಿ, ಮಗಳು, ಕಾಲು ಸೋತ ಮಗು. ಟ್ಯಾಕ್ಸಿ ಮಾಡಿಸಿ ತಾನೇ ಕರೆದುಕೊಂಡು ಬಂದಳು.

ನಾನು ಕಿಟಕಿಯಿಂದ ನೋಡಿ ಇಳಿದು ಓಡಿದೆ. ಬೀದಿಯ ಮೂಲೆಯಲ್ಲಿ ಅಪ್ಪನ ತೋಳು ಹಿಡಿದು ನಿಂತಿದ್ದಳು. ಎತ್ತರದ ಹೆಂಗಸು, ಒಂದು ಕೈ ತನ್ನ ಸೊಂಟದ ಮೇಲೆ. "ತಗೊಳ್ಳಿ ನಿಮ್ಮಪ್ಪನ್ನ. ನಾನು ಇಲ್ಲಿಂದ ಮುಂದೆ ಬರಲ್ಲ. ನನ್ ಜೊತೆ ನೋಡಿದ್ರೆ ನಿಮ್ಮ ಹೆಸರು ಇನ್ನೂ ಕೆಡುತ್ತೆ" ಎಂದಳು.

ಬನ್ನಿ ಎನ್ನಬೇಕಿತ್ತು. ನಾನು ದರ್ಜಿ ಅಂಗಡಿಯ ಕಡೆ ನೋಡಿದೆ. ಅಷ್ಟರಲ್ಲಿ ಅವಳು ತಿರುಗಿ ಹೊರಟಿದ್ದಳು.

ಅಪ್ಪ ರೂಮಿಗೆ ಬಂದು ನನ್ನ ಎರಡೂ ಅಂಗೈ ತಿರುಗಿಸಿ ನೋಡಿದರು. ಸುಟ್ಟ ಗುರುತು ಇನ್ನೂ ಇದೆ. ಮಂಚದ ಕೆಳಗೆ ಬೋರ್ಡು ಕಂಡಿತು. ಕಾಲಿನಿಂದ ಇನ್ನಷ್ಟು ಒಳಗೆ ದೂಡಿದರು.

ತಂಗಿ

*

ಮೇ 21

ದೊಡ್ಡಮಗಳಿಗೆ,

ನಾನು ಚೆನ್ನಾಗಿದ್ದೇನೆ. ವಾರದೊಳಗೆ ಬರುತ್ತೇನೆ. ಇಲ್ಲಿ ನಡೆದದ್ದನ್ನು ನಿನ್ನ ತಂಗಿ ಅರ್ಧ ನುಂಗಿ ಬರೆಯುತ್ತಾಳೆ, ಅದಕ್ಕೆ ನಾನೇ ಬರೆಯುತ್ತೇನೆ.

ಮೆಟ್ಟಿಲು ಮುಗಿಯುವಲ್ಲಿ ಬಾಗಿಲ ಪಕ್ಕ ನನಗೊಂದು ಸ್ಟೂಲು. ದಿನವಿಡೀ ಅಲ್ಲೇ ಕೂರುತ್ತೇನೆ. ಬರುವವರು ಮೊದಲು ನನ್ನ ಮುಖ ನೋಡಬೇಕು. ಮಗುವಿನ ತಾಯಿ ಬರುತ್ತಾಳೆ. ಮನೆಯೊಡತಿ ನನ್ನನ್ನು ನೋಡಿದ ಮೇಲೆ ಮತ್ತೆ ಮಂಡಿ ತೋರಿಸುತ್ತಿದ್ದಾರೆ.

ಮೊನ್ನೆ ಮಧ್ಯಾಹ್ನ ಮೂವರು ಗಂಡಸರು ಹತ್ತಿ ಬಂದರು. ಮುಂದಿದ್ದವನ ಕೈಯಲ್ಲಿ ಕೊಡೆ. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಒಳಗೆ ನೋಡಿದೆ. ಮೊಂಡಿಯ ಕೈಯಲ್ಲಿದ್ದ ಎಣ್ಣೆ ಬಟ್ಟಲು ಅಲುಗಾಡಿ ಎಣ್ಣೆ ನೆಲಕ್ಕೆ ಚೆಲ್ಲುತ್ತಿತ್ತು. ಆಗ ತಿಳಿಯಿತು, ಅವಳು ನನಗೆ ಬರೆದು ತೋರಿಸಿದ್ದ ಮನುಷ್ಯ ಇವನೇ ಎಂದು.

ಹೊಡೆಯುವ ವಯಸ್ಸು ನನ್ನದಲ್ಲ. ನನಗೆ ಗೊತ್ತಿರುವುದು ಒಂದೇ ಕೆಲಸ. ಅದನ್ನೇ ಮಾಡಿದೆ. ನಗುನಗುತ್ತಾ ಎದ್ದು, "ಬನ್ನಿ, ಬನ್ನಿ, ಕೂತ್ಕೊಳಿ" ಎಂದು ಅವನ ತೋಳು ಹಿಡಿದು ನನ್ನ ಸ್ಟೂಲಿನ ಮೇಲೆ ಕೂರಿಸಿ, ಹಿಂದಿನಿಂದ ಕತ್ತಿನ ಬುಡಕ್ಕೆ ಎರಡೂ ಹೆಬ್ಬೆರಳು ಇಟ್ಟೆ. ನೋವು ಮಾಡಲಿಲ್ಲ. ಸುಮ್ಮನೆ ಇಟ್ಟೆ. ಅಲ್ಲಿ ಹಿಡಿದರೆ ಎಂಥವನೂ ಕೂತಲ್ಲೇ ಕೂರುತ್ತಾನೆ. ಆಮೇಲೆ ಕೇಳಿದೆ, "ನೋವು ಎಲ್ಲಿ?" ನನ್ನ ದನಿ ಎಷ್ಟು ದೊಡ್ಡದೆಂದು ನನಗೇ ಗೊತ್ತಾಗುವುದಿಲ್ಲ, ನಿನಗೆ ಗೊತ್ತಲ್ಲ. ಬೀದಿಗೆಲ್ಲ ಕೇಳಿಸಿತಂತೆ. ಅವನು ಏನೋ ಹೇಳಿದ. "ಕೇಳಿಸ್ಲಿಲ್ಲ ಸ್ವಾಮೀ, ಜೋರಾಗಿ ಹೇಳಿ, ನೋವು ಎಲ್ಲಿ?" ಕೆಳಗೆ ದರ್ಜಿ ಬಂದು ನಿಂತ. ಮನೆಯೊಡತಿ ಬಂದರು. ಟೀ ಅಂಗಡಿಯವರೂ ಬಂದರು. ಜೊತೆಗಿದ್ದ ಇಬ್ಬರು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿದರು. "ಬೆನ್ನಾ? ಭುಜಾನಾ? ನಾಚ್ಕೊಬೇಡಿ, ನಾನು ಮಸಾಜರ್, ಅವಳು ನನ್ನ ಮಗಳು, ನಾನೇ ಕಲ್ಸಿದ್ದು. ಹೇಳಿ, ನೋವು ಎಲ್ಲಿ?"

ಕೊನೆಗೆ ಅವನು ಬಾಯಿ ಅಗಲ ಮಾಡಿ ಕೂಗಿದ. ಈ ಸಲ ತುಟಿ ಓದಲು ಬಂತು. "ಎಲ್ಲೂ ಇಲ್ಲ."

"ಹಾಗಿದ್ರೆ ಇಲ್ಲಿ ನಿಮ್ಗೆ ಕೆಲಸ ಇಲ್ಲ" ಎಂದು ಕೈ ತೆಗೆದೆ. ಕೊಡೆ ಬಿಟ್ಟು ಹೋದ. ದರ್ಜಿ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ. ಮಧ್ಯೆ ನಿಲ್ಲುವ ಧೈರ್ಯ ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ.

ನೀನು ನನ್ನನ್ನು ದೊಡ್ಡ ಧೀರ ಅಂದುಕೊಳ್ಳಬೇಡ. ಅವನ ಕತ್ತಿನ ನಾಡಿ ನನ್ನ ಬೆರಳಿನ ಕೆಳಗೆ ಡವಡವ ಹೊಡೆಯುತ್ತಿತ್ತು, ನನ್ನ ನಾಡಿಯೂ ಹಾಗೇ ಹೊಡೆಯುತ್ತಿತ್ತು. ಅವರು ಹೋದ ಮೇಲೆ ನೆಲದ ಮೇಲೆ ಕೂತೆ. ಮೊಂಡಿ ಬಂದು ನನ್ನ ಮೀನಖಂಡ ತಿಕ್ಕಿದಳು.

ಅವನು ಮತ್ತೆ ಬರುವುದಿಲ್ಲ ಎಂದು ನಾನು ಆಣೆ ಇಟ್ಟು ಹೇಳಲಾರೆ. ಬೇರೆಯವನು ಬರಬಹುದು. "ನಂಜೊತೆ ಬಾ" ಎಂದು ಬರೆದು ತೋರಿಸಿದೆ. 'ಇಲ್ಲ' ಎಂದು ಬರೆದಳು. ಏಪ್ರಿಲ್‌ನಲ್ಲಿ ನಾನು ಕೇಳಿದ್ದ ಒಂದು ಪದ ಈಗ ಬಂತು, ಬೇರೆ ಪ್ರಶ್ನೆಗೆ.

ಅಪ್ಪ

*

ಜೂನ್ 23

ಅಪ್ಪಾ,

ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡಿ. ತಿಂಗಳ ಕೊನೆಗೆ ಈ ರೂಮು ಬಿಡಬೇಕು. ಮಗುವಿನ ತಾಯಿ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಸದ್ಯಕ್ಕೆ ಬೆಳಗಿನ ಹೊತ್ತು ಕೆಲಸ ಮಾಡಿಕೋ ಎಂದಿದ್ದಾಳೆ. ಮಂಚದ ಕಾಲು ಮತ್ತೆ ಬಿಚ್ಚಬೇಕು. ಈಗ ಕಾರಣ ಕೇಳಿ.

ನೀವು ಹೋದ ಮೇಲೆ ಬಾಗಿಲು ತಟ್ಟಿದ ಕೂಡಲೇ ತೆರೆಯುವುದನ್ನು ಬಿಟ್ಟಿದ್ದೇನೆ. ಒಳಗಿನಿಂದಲೇ, "ನೋವು ಎಲ್ಲಿ?" ಎಂದು ಕೇಳುತ್ತೇನೆ. ನೋವಿರುವವರು ತಕ್ಷಣ ಹೇಳಿಬಿಡುತ್ತಾರೆ, ಅದನ್ನು ಹೇಳಲೆಂದೇ ಮನೆಯಿಂದ ಹೊರಟಿರುತ್ತಾರೆ. ಉಳಿದವರು ತಡಬಡಾಯಿಸುತ್ತಾರೆ. ಕೆಲವರು ಬೈದು ಇಳಿದು ಹೋಗುತ್ತಾರೆ. ಹೆದರಿಕೆ ಹೋಗಿಲ್ಲ ಅಪ್ಪಾ.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ, ಬೀದಿ ತುಂಬ ಜನ ಇರುವಾಗ, ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ನಿಧಾನ, ಮಧ್ಯೆ ಮಧ್ಯೆ ನಿಂತು. ಕೆಳಗೆ ಮಿಷನ್ನು ನಿಂತಿತು. "ನೋವು ಎಲ್ಲಿ?" ಎಂದೆ.

"ಸೊಂಟ" ಎಂದಿತು ಹೆಂಗಸಿನ ದನಿ. ಆಮೇಲೆ, "ನಿಮ್ಮಪ್ಪನ ಮೊಣಕೈ ವಾಸಿಯಾಯ್ತಾ?"

ನಿಮ್ಮನ್ನು ಕರೆತಂದವಳು. ಚಿಲಕದ ಮೇಲೆ ಕೈ ಇಟ್ಟು ನಿಂತೆ. ತೆರೆದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಬೀದಿ ಇಷ್ಟು ದಿನ ಹೇಳುತ್ತಿದ್ದದ್ದಕ್ಕೆ ನಾನೇ ಸಾಕ್ಷಿ ಕೊಟ್ಟ ಹಾಗಾಗುತ್ತದೆ. ಹೊರಗೆ ಆಕೆಗೂ ಅದು ಗೊತ್ತಿತ್ತೇನೋ. "ಆಗಲ್ಲ ಅಂದ್ರೆ ಹೋಗ್ತೀನಿ, ಬೇಜಾರಿಲ್ಲ. ನಿಲ್ಲೋಕೆ ಆಗ್ತಿಲ್ಲ, ಅದಕ್ಕೆ ಬಂದೆ" ಎಂದಳು. ಅವಳು ಗೋಡೆಗೆ ಒರಗಿದ ಸದ್ದು ಬಾಗಿಲಿನ ಈಚೆಗೂ ಕೇಳಿಸಿತು.

ಎರಡೂ ಚಿಲಕ ತೆಗೆದೆ.

ಮಂಚ ಹತ್ತಲು ಆಕೆಗೆ ಆಗಲಿಲ್ಲ. ತೋಳಿಗೆ ತೋಳು ಕೊಟ್ಟು ಮಲಗಿಸಿದೆ. ಸೊಂಟ ಹಲಗೆಯಾಗಿತ್ತು. ನೀವು ಹೇಳುತ್ತಿದ್ದಿರಲ್ಲ, ಕೆಲವು ಬೆನ್ನುಗಳು ಮೊದಲು ಕೈಯನ್ನು ನಂಬುವುದಿಲ್ಲ ಎಂದು. ಹಾಗೇ ಇತ್ತು. ಮುಟ್ಟಿದ ಕಡೆಯಲ್ಲೆಲ್ಲ ಬೆಚ್ಚಿ ಬಿಗಿಯುತ್ತಿತ್ತು. ಆ ಬಿಗಿತ ನನಗೆ ಗುರುತಿನದು. ನನ್ನ ಭುಜವೂ ಈಗ ಹಾಗೇ ಇದೆ. ಬಹಳ ಹೊತ್ತಿನ ಮೇಲೆ ಸಡಿಲವಾಗತೊಡಗಿತು. ಉಸಿರು ಉದ್ದವಾಯಿತು. ಆಕೆಗೆ ನಿದ್ದೆ ಬಂತು.

ಆಗ ಮನೆಯೊಡತಿ ಹತ್ತಿ ಬಂದರು. ದರ್ಜಿ ಹೇಳಿರಬೇಕು. ಮತ್ತೆ ಚಿಲಕ ಹಾಕಿರದ ಬಾಗಿಲು ತಳ್ಳಿ, ಅಲ್ಲೇ ನಿಂತು ಮಂಚದ ಕಡೆ ನೋಡಿದರು. "ಇವಳು ಯಾರು ಅಂತ ಗೊತ್ತಾ ನಿಂಗೆ?" ಎಂದರು ಪಿಸುದನಿಯಲ್ಲಿ.

"ಗೊತ್ತು" ಎಂದೆ.

"ಗೊತ್ತಿದ್ದೂ…?" ಮತ್ತೊಮ್ಮೆ ಮಂಚದ ಕಡೆ ನೋಡಿದರು. ಆಮೇಲೆ, "ತಿಂಗಳ ಕೊನೆಗೆ ಖಾಲಿ ಮಾಡ್ಬಿಡಮ್ಮಾ" ಎಂದರು.

"ಆಗಲಿ" ಎಂದೆ. ಕೈ ತೆಗೆಯಲಿಲ್ಲ. ಒಮ್ಮೆ ತೆಗೆದರೆ ಮತ್ತೆ ಬಿಗಿಯುತ್ತದೆ.

ಅವರು ಇಳಿದು ಹೋದ ಸದ್ದಿಗೆ ಆಕೆಗೆ ಎಚ್ಚರವಾಯಿತು. ತಲೆ ಎತ್ತಿ, "ಯಾರಾದ್ರೂ ಬಂದಿದ್ರಾ?" ಎಂದು ಕೇಳಿದಳು.

"ಯಾರೂ ಇಲ್ಲ, ಮಲಗಿ" ಎಂದೆ. "ಇನ್ನೊಂದು ಪಕ್ಕ ಬಾಕಿ ಇದೆ."

ನಿಮ್ಮ ಮೊಂಡಿ